ಚಿತ್ರದ ಹಿಂದೆ ಎಷ್ಟು ದೂರ ನೋಡಬೇಕು? ಸ್ಟೀರಿಯೋಗ್ರಾಮ್ ನೋಡಲು ಕಲಿಯುವ ಸಮಗ್ರ ಮಾರ್ಗದರ್ಶಿ

ನಂದಿಯ ಶಿವರಾತ್ರಿ ಜಾತ್ರೆಯಲ್ಲಿ ರಥ ನೋಡಿ ಆದ ಮೇಲೆ ನಾವು ಹುಡುಗರು ಅಂಗಡಿ ಸಾಲಿಗೆ ಓಡುತ್ತಿದ್ದೆವು. ತೊಂಬತ್ತರ ದಶಕದ ಒಂದು ವರ್ಷ ಬಳೆ, ಬತ್ತಾಸು, ಪೀಪಿಗಳ ನಡುವೆ ಒಂದು ಪೋಸ್ಟರ್ ನೇತಾಡುತ್ತಿತ್ತು. ಬರೀ ಬಣ್ಣದ ಚುಕ್ಕೆಗಳು, ಯಾರೋ ರಂಗೋಲಿ ಪುಡಿ ಚೆಲ್ಲಿದ ಹಾಗೆ. ಅದರೊಳಗೆ ಮೀನು ಇದೆ ಅಂದರು ಅಂಗಡಿಯವರು. ಹೀಗೆ ಚಪ್ಪಟೆ ಚಿತ್ರದಲ್ಲಿ ಆಕಾರ ಅಡಗಿದ್ದು, ನೋಟ ಸರಿಯಾಗಿ ನಿಂತಾಗ ಮಾತ್ರ ಎದ್ದು ಕಾಣುವುದಕ್ಕೆ ಸ್ಟೀರಿಯೋಗ್ರಾಮ್ ಅನ್ನುತ್ತಾರೆ. ಜೊತೆಯಲ್ಲಿದ್ದ ಇಬ್ಬರಿಗೆ ಕಂಡಿತು. ನನಗೆ ಕಾಣಲಿಲ್ಲ. ಪೋಸ್ಟರ್ ಕೊಂಡು ಚಿಕ್ಕಬಳ್ಳಾಪುರಕ್ಕೆ ತಂದು, ಗೋಡೆಗೆ ಅಂಟಿಸಿ ತಿಂಗಳುಗಟ್ಟಲೆ ನೋಡಿದೆ. ಕಣ್ಣಲ್ಲಿ ನೀರು ಬಂತು, ಮೀನು ಬರಲಿಲ್ಲ.

ಎಲ್ಲರೂ ಹೇಳುತ್ತಿದ್ದುದು ಒಂದೇ ಮಾತು. "ದೂರ ನೋಡು. ನಂದಿ ಬೆಟ್ಟ ನೋಡೋ ಹಾಗೆ ನೋಡು." ನಾನು ಮಹಡಿ ಹತ್ತಿ, ನಿಜವಾಗಿಯೂ ಬೆಟ್ಟ ನೋಡುತ್ತಾ ಪೋಸ್ಟರನ್ನು ಕಣ್ಣಿಗೆ ಅಡ್ಡ ಹಿಡಿದೆ. ಏನೋ ಕಲಸುಮೇಲೋಗರ ಕಂಡಿತು. ಮೀನಿನ ಬಾಲ ಎರಡು, ಮೂತಿ ಎರಡು, ಒಂದರ ಮೇಲೊಂದು.

ಕೊನೆಗೆ ಅದು ಕಂಡದ್ದು ಫೋಟೋಗೆ ಕಟ್ಟು ಹಾಕುವ ಅಂಗಡಿಯಲ್ಲಿ. ಪೋಸ್ಟರ್ ಹರಿಯುತ್ತಿತ್ತು ಅಂತ ಗಾಜು ಹಾಕಿಸಲು ಕೊಟ್ಟಿದ್ದೆವು. ಕಟ್ಟು ಹಾಕಿದ್ದನ್ನು ಕೈಗೆ ತಗೊಂಡು, ಗಾಜಿನಲ್ಲಿ ನನ್ನ ಮುಖ ನೋಡಿಕೊಂಡು ಕೂದಲು ಸರಿ ಮಾಡಿಕೊಳ್ಳುತ್ತಿದ್ದೆ. ಚಿತ್ರದ ಕಡೆ ಗಮನವೇ ಇರಲಿಲ್ಲ. ಇದ್ದಕ್ಕಿದ್ದ ಹಾಗೆ ಕಾಗದ ಆಳಕ್ಕೆ ಇಳಿಯಿತು. ಆ ಆಳದಿಂದ ದುಂಡಗೆ, ಮುಟ್ಟಬಹುದು ಅನ್ನುವ ಹಾಗೆ ಮೀನು ಎದ್ದು ಬಂತು.

ಬೆಟ್ಟ ನೋಡಿದಾಗ ಬಾರದ್ದು ಗಾಜಿನಲ್ಲಿ ಮುಖ ನೋಡಿದಾಗ ಯಾಕೆ ಬಂತು? ಇದಕ್ಕೆ ಉತ್ತರ ಸ್ಕೇಲಿನಲ್ಲಿದೆ. "ದೂರ ನೋಡು" ಅಂದರೆ ಸಾಲದು, ಎಷ್ಟು ದೂರ ಅಂತ ಹೇಳಬೇಕು. ಆ ದೂರವನ್ನು ಅಳೆಯಬಹುದು, ಲೆಕ್ಕ ಹಾಕಬಹುದು. ಈ ಮಾರ್ಗದರ್ಶಿ ಪೂರ್ತಿ ಆ ಲೆಕ್ಕದ ಮೇಲೆ ನಿಂತಿದೆ.

ಕಣ್ಣು ಏನು ಮಾಡುತ್ತದೆ

ನಮ್ಮ ಎರಡು ಕಣ್ಣುಗಳ ನಡುವೆ, ಪಾಪೆಯಿಂದ ಪಾಪೆಗೆ, ದೊಡ್ಡವರಲ್ಲಿ ಸರಾಸರಿ 6.3 ಸೆಂಟಿಮೀಟರ್ ಅಂತರ ಇರುತ್ತದೆ. ಹಾಗಾಗಿ ಒಂದೊಂದು ಕಣ್ಣಿಗೂ ಲೋಕ ಸ್ವಲ್ಪ ಬೇರೆ ಕೋನದಿಂದ ಕಾಣುತ್ತದೆ. ಆ ಸಣ್ಣ ವ್ಯತ್ಯಾಸದಿಂದ ಮಿದುಳು ಯಾವುದು ಹತ್ತಿರ, ಯಾವುದು ದೂರ ಅಂತ ತಿಳಿಯುತ್ತದೆ. ಇದನ್ನು 1838ರಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ವೀಟ್‌ಸ್ಟನ್ ಕನ್ನಡಿಗಳ ಒಂದು ಉಪಕರಣ ಇಟ್ಟುಕೊಂಡು ತೋರಿಸಿಕೊಟ್ಟರು. ಎರಡು ಕಣ್ಣಿಗೆ ಎರಡು ಚಪ್ಪಟೆ ಚಿತ್ರ ಕೊಟ್ಟರೆ ಮಿದುಳು ಅವನ್ನು ಸೇರಿಸಿ ಆಳ ಕಾಣಿಸುತ್ತದೆ.

ಸ್ಟೀರಿಯೋಗ್ರಾಮ್ ಪೋಸ್ಟರಿನಲ್ಲಿ ಇರುವುದು ಒಂದೇ ಚಿತ್ರ. ಆದರೆ ಅದು ಉದ್ದುದ್ದ ಪಟ್ಟಿಗಳಾಗಿ, ಸೀರೆಯ ಅಂಚಿನ ಹಾಗೆ, ಎಡದಿಂದ ಬಲಕ್ಕೆ ಮತ್ತೆ ಮತ್ತೆ ಬರುತ್ತದೆ. ಎಡಗಣ್ಣು ಒಂದು ಪಟ್ಟಿ ನೋಡಬೇಕು, ಬಲಗಣ್ಣು ಅದರ ಪಕ್ಕದ ಪಟ್ಟಿ ನೋಡಬೇಕು. ಎರಡೂ ಒಂದೇ ಥರ ಇರುವುದರಿಂದ ಮಿದುಳು ಅವನ್ನು ಒಂದೇ ವಸ್ತು ಅಂತ ಸೇರಿಸಿಬಿಡುತ್ತದೆ. ಎರಡು ಕಣ್ಣಿನ ನೋಟ ಕಾಗದದ ಮೇಲೆ ಸೇರದೆ, ಕಾಗದದ ಹಿಂದೆ ಎಲ್ಲೋ ಸೇರಿದಾಗ ಮಾತ್ರ ಇದು ಆಗುತ್ತದೆ.

ಆ "ಎಲ್ಲೋ" ಎಲ್ಲಿ ಅನ್ನುವುದೇ ನಮಗೆ ಬೇಕಾದ ವಿಷಯ. ಲೆಕ್ಕ ಹೀಗೆ. ಕಣ್ಣಿನಿಂದ ಚಿತ್ರಕ್ಕೆ ಇರುವ ದೂರವನ್ನು 6.3ರಿಂದ ಗುಣಿಸಿ. ಆಮೇಲೆ 6.3ರಲ್ಲಿ ಒಂದು ಪಟ್ಟಿಯ ಅಗಲವನ್ನು ಕಳೆಯಿರಿ. ಮೊದಲು ಬಂದದ್ದನ್ನು ಎರಡನೆಯದರಿಂದ ಭಾಗಿಸಿ. ಚಿತ್ರ 40 ಸೆಂಟಿಮೀಟರ್ ದೂರ ಇದೆ, ಪಟ್ಟಿ 3 ಸೆಂಟಿಮೀಟರ್ ಅಗಲ ಇದೆ ಅಂದುಕೊಳ್ಳಿ. 252ನ್ನು 3.3ರಿಂದ ಭಾಗಿಸಿದರೆ ಸುಮಾರು 76. ಅಂದರೆ ಕಣ್ಣಿನಿಂದ 76 ಸೆಂಟಿಮೀಟರ್ ದೂರದಲ್ಲಿ, ಚಿತ್ರದಿಂದ 36 ಸೆಂಟಿಮೀಟರ್ ಹಿಂದೆ ನಿಮ್ಮ ನೋಟ ಸೇರಬೇಕು. ಒಂದು ಮೊಳಕ್ಕಿಂತ ಕಡಿಮೆ! ನಂದಿ ಬೆಟ್ಟ ಎಲ್ಲಿ, ಒಂದು ಮೊಳ ಎಲ್ಲಿ.

ಬೆಟ್ಟ ನೋಡಿದಾಗ ಎರಡು ಕಣ್ಣೂ ನೇರ, ಸಮಾನಾಂತರವಾಗಿ ನಿಲ್ಲುತ್ತವೆ. ಆಗ ಅವು 6.3 ಸೆಂಟಿಮೀಟರ್ ದೂರದ ಎರಡು ಜಾಗ ನೋಡುತ್ತವೆ. 3 ಸೆಂಟಿಮೀಟರ್ ಪಟ್ಟಿಯ ಚಿತ್ರದಲ್ಲಿ ಅದು ಹೆಚ್ಚುಕಡಿಮೆ ಎರಡು ಪಟ್ಟಿ ದಾಟಿದ ಹಾಗೆ. ಒಂದು ಪಟ್ಟಿ ಬಿಟ್ಟು ಅದರಾಚೆಯದಕ್ಕೆ ಜೋಡಿ ಬೀಳುತ್ತದೆ. ನನಗೆ ಎರಡು ಬಾಲದ ಮೀನು ಕಂಡಿದ್ದು ಅದಕ್ಕೇ.

ಗಾಜಿನ ವಿಷಯ ನೋಡಿ. ಕನ್ನಡಿಯಲ್ಲಿ ನಮ್ಮ ಮುಖ ಇರುವುದು ಕನ್ನಡಿಯ ಮೇಲಲ್ಲ. ನಾವು ಎಷ್ಟು ಮುಂದೆ ನಿಂತಿದ್ದೇವೋ ಅಷ್ಟೇ ಹಿಂದೆ ಅದು ಕಾಣುತ್ತದೆ. ಗಾಜು 40 ಸೆಂಟಿಮೀಟರ್ ದೂರ ಇದ್ದರೆ ಮುಖ 80ರಲ್ಲಿ. ನಮಗೆ ಬೇಕಾದ 76ಕ್ಕೆ ಎಷ್ಟು ಹತ್ತಿರ ಅಲ್ವಾ? ಪಟ್ಟಿಯ ಅಗಲ ಕಣ್ಣುಗಳ ಅಂತರದ ಅರ್ಧ, ಅಂದರೆ ಸುಮಾರು 3.1 ಸೆಂಟಿಮೀಟರ್ ಇದ್ದರೆ ಸರಿಯಾಗಿ ಕೂರುತ್ತದೆ. ಚಿತ್ರವನ್ನು ಎಷ್ಟು ದೂರ ಹಿಡಿದರೂ ಇದು ಬದಲಾಗುವುದಿಲ್ಲ.

ಮೊದಲು ಎರಡೂ ಕಣ್ಣು ಕೆಲಸ ಮಾಡುತ್ತಿವೆಯಾ ನೋಡಿ

ಇದನ್ನು ದಾಟಿ ಹೋಗಬೇಡಿ. ತೋರುಬೆರಳನ್ನು ಮುಖದ ಮುಂದೆ ಒಂದು ಗೇಣು ದೂರದಲ್ಲಿ ನಿಲ್ಲಿಸಿ. ಎದುರಿನ ಗೋಡೆಯ ಕ್ಯಾಲೆಂಡರ್ ನೋಡಿ. ಬೆರಳು ಎರಡಾಗಿ, ತೆಳ್ಳಗೆ, ಹಿಂದಿನದು ಕಾಣುವ ಹಾಗೆ ತೋರಬೇಕು. ಎರಡು ಬೆರಳು ಕಂಡರೆ ಒಳ್ಳೆಯದು, ಮುಂದೆ ಹೋಗಿ.

ಎಷ್ಟು ಸಲ ನೋಡಿದರೂ ಒಂದೇ ಬೆರಳು ಕಂಡರೆ ಒಂದು ಕಣ್ಣಿನ ನೋಟವನ್ನು ಮಿದುಳು ಬದಿಗಿಡುತ್ತಿರಬಹುದು. ಮೆಳ್ಳಗಣ್ಣು ಇದ್ದವರಿಗೆ, ಸೋಮಾರಿ ಕಣ್ಣು ಅನ್ನುತ್ತಾರಲ್ಲ ಅದು ಇದ್ದವರಿಗೆ ಹೀಗೆ ಆಗುತ್ತದೆ. ಅಂಥವರಿಗೆ ಈ ಚಿತ್ರ ಕಾಣದೇ ಇರಬಹುದು, ಅದರಲ್ಲಿ ಅವರ ಪ್ರಯತ್ನದ ಕೊರತೆ ಏನೂ ಇಲ್ಲ. ಕ್ಲಾಸಿನ ಎಲ್ಲ ಮಕ್ಕಳಿಗೂ ಕಂಡು ಒಂದು ಮಗುವಿಗೆ ಮಾತ್ರ ಕಾಣದಿದ್ದರೆ, ದಯವಿಟ್ಟು ಆ ಮಗುವನ್ನು ರೇಗಿಸಬೇಡಿ. ಕಣ್ಣಿನ ಡಾಕ್ಟರಿಗೆ ಒಮ್ಮೆ ತೋರಿಸಿ. ಸೋಮಾರಿ ಕಣ್ಣಿಗೆ ಚಿಕ್ಕ ವಯಸ್ಸಿನಲ್ಲಿ ಚಿಕಿತ್ಸೆ ಮಾಡಿದಷ್ಟು ಫಲ ಜಾಸ್ತಿ.

ಕನ್ನಡಕ ಇದ್ದವರು ಹಾಕಿಕೊಂಡೇ ನೋಡಿ. ಒಂದು ಕಣ್ಣು ಸ್ಪಷ್ಟ, ಇನ್ನೊಂದು ಮಸುಕು ಅಂತಾದರೆ ಜೋಡಿ ಸರಿಯಾಗಿ ಬೀಳುವುದಿಲ್ಲ. ನಲವತ್ತು ದಾಟಿ ಓದುವ ಕನ್ನಡಕ ಬಂದವರು ಅದನ್ನೇ ಹಾಕಿಕೊಳ್ಳಿ.

ಚಿತ್ರ ಆರಿಸುವುದು, ಅಳೆಯುವುದು

ಚಿತ್ರದಲ್ಲಿ ಎದ್ದು ಕಾಣುವ ಒಂದು ಗುರುತು ಹುಡುಕಿ. ಕೆಂಪು ಮಚ್ಚೆ, ಎಲೆಯ ತುದಿ, ಏನಾದರೂ ಸರಿ. ಅದೇ ಎತ್ತರದಲ್ಲಿ ಬಲಕ್ಕೆ ಹೋಗಿ, ಅದೇ ಗುರುತು ಮತ್ತೆ ಎಲ್ಲಿ ಬರುತ್ತದೆ ನೋಡಿ. ನಡುವಿನ ಅಂತರವನ್ನು ಸ್ಕೇಲಿನಲ್ಲಿ ಅಳೆಯಿರಿ. ಅದೇ ಪಟ್ಟಿಯ ಅಗಲ. ಕೆಲವು ಚಿತ್ರಗಳ ಮೇಲೋ ಕೆಳಗೋ ಎರಡು ದಪ್ಪ ಚುಕ್ಕೆ ಇರುತ್ತವೆ. ಅವುಗಳ ನಡುವಿನ ಅಂತರವೂ ಸಾಮಾನ್ಯವಾಗಿ ಅಷ್ಟೇ.

ಕಲಿಯುವಾಗ 3 ಸೆಂಟಿಮೀಟರ್ ಆಸುಪಾಸಿನ ಪಟ್ಟಿ ಇರುವ ಚಿತ್ರವೇ ಬೇಕು. ಒಂಬತ್ತೋ ಹತ್ತೋ ಪಟ್ಟಿ ಇರುವ ಚಿತ್ರವನ್ನು ಎ4 ಹಾಳೆಯಲ್ಲಿ ಅಡ್ಡಲಾಗಿ, ಹಾಳೆ ತುಂಬ ಪ್ರಿಂಟ್ ಮಾಡಿಸಿದರೆ ಸುಮಾರು ಇದೇ ಅಳತೆ ಬರುತ್ತದೆ. ಜೆರಾಕ್ಸ್ ಅಂಗಡಿಯ ಕಲರ್ ಪ್ರಿಂಟ್ ಸಾಕು.

ಫೋನಿನಲ್ಲಿ ನೋಡುವವರು ಸೋಲುವುದು ಇಲ್ಲೇ. ನಿಂತ ಫೋನಿನ ಪರದೆ ಸುಮಾರು 7 ಸೆಂಟಿಮೀಟರ್ ಅಗಲ. ಎಂಟು ಪಟ್ಟಿಯ ಚಿತ್ರ ಇಟ್ಟರೆ ಒಂದೊಂದು ಪಟ್ಟಿ 9 ಮಿಲಿಮೀಟರಿಗಿಂತ ಕಡಿಮೆ. 30 ಸೆಂಟಿಮೀಟರ್ ದೂರ ಹಿಡಿದರೆ ನೋಟ ಸೇರಬೇಕಾದ ಜಾಗ ಫೋನಿನಿಂದ ಬರೀ 5 ಸೆಂಟಿಮೀಟರ್ ಹಿಂದೆ! ಕಣ್ಣು ಸ್ವಲ್ಪ ಸಡಿಲ ಆದರೂ ಆ ಜಾಗ ದಾಟಿ ಹೋಗುತ್ತದೆ. ಅದಕ್ಕೇ ಫೋನನ್ನು ಅಡ್ಡ ತಿರುಗಿಸಿ, ಪಟ್ಟಿ 3 ಸೆಂಟಿಮೀಟರ್ ಆಗುವವರೆಗೆ ಚಿತ್ರವನ್ನು ಹಿಗ್ಗಿಸಿ. ನಾಲ್ಕೈದು ಪಟ್ಟಿ ಮಾತ್ರ ಕಾಣುತ್ತವೆ, ಪರವಾಗಿಲ್ಲ, ಚಿತ್ರದ ಒಂದು ಭಾಗ ಏಳುವುದು ಗೊತ್ತಾಗುತ್ತದೆ.

ಇನ್ನು ಗೋಡೆಯಷ್ಟು ದೊಡ್ಡ ಫ್ಲೆಕ್ಸಿನಲ್ಲಿ ಪಟ್ಟಿಗಳು 6.3 ಸೆಂಟಿಮೀಟರಿಗಿಂತ ಅಗಲ ಇರುತ್ತವೆ. ಅದನ್ನು ಈ ರೀತಿ ನೋಡಲು ಕಣ್ಣುಗಳು ಹೊರಗೆ ತಿರುಗಬೇಕು. ಕಲಿಯುವವರು ಅದರ ತಂಟೆಗೆ ಹೋಗಬೇಡಿ.

ಮಕ್ಕಳ ಕಣ್ಣುಗಳ ಅಂತರ ಕಡಿಮೆ. ಐದಾರು ವರ್ಷದ ಮಗುವಿಗೆ 5 ಸೆಂಟಿಮೀಟರ್ ಆಸುಪಾಸು ಇರುತ್ತದೆ. ಅಪ್ಪನಿಗೆ ಸಲೀಸಾಗಿ ಕಾಣುವ ಚಿತ್ರ ಮಗಳಿಗೆ ಕಷ್ಟ ಆಗುವುದು ಇದರಿಂದ. ಅವರಿಗೆ 2.5 ಸೆಂಟಿಮೀಟರ್ ಪಟ್ಟಿ ಆಗುವಷ್ಟು ಚಿತ್ರವನ್ನು ಚಿಕ್ಕದಾಗಿ ಪ್ರಿಂಟ್ ಮಾಡಿಸಿ.

ಬೆರಳಿನ ತೊಂಡೆಕಾಯಿ

ಎರಡು ತೋರುಬೆರಳುಗಳ ತುದಿಗೆ ತುದಿ ಹತ್ತಿಸಿ, ಕಣ್ಣಿನ ಎತ್ತರಕ್ಕೆ, ಒಂದು ಗೇಣು ದೂರದಲ್ಲಿ ಹಿಡಿಯಿರಿ. ಬೆರಳುಗಳ ಮೇಲಿನಿಂದ ಎದುರಿನ ಗೋಡೆ ನೋಡಿ. ನಡುವೆ ಒಂದು ಪುಟ್ಟ ತೊಂಡೆಕಾಯಿ ಹುಟ್ಟುತ್ತದೆ, ಎರಡೂ ಕಡೆ ಉಗುರು ಇರುವ ತೊಂಡೆಕಾಯಿ. ಬೆರಳುಗಳನ್ನು ಕೊಂಚ ದೂರ ಮಾಡಿದರೆ ಅದು ಗಾಳಿಯಲ್ಲಿ ತೇಲುತ್ತದೆ.

ಈಗ ಗೋಡೆ ಬಿಟ್ಟು, ಬೆರಳುಗಳ ಸ್ವಲ್ಪವೇ ಹಿಂದೆ ಇರುವ ಏನನ್ನಾದರೂ ನೋಡಿ. ಮೇಜಿನ ಮೇಲಿನ ಲೋಟ ಆದೀತು. ತೊಂಡೆಕಾಯಿ ಚಿಕ್ಕದಾಗುತ್ತದೆ. ಮತ್ತೆ ಗೋಡೆ ನೋಡಿದರೆ ಉದ್ದ ಆಗುತ್ತದೆ. ಹೀಗೆ ನಿಮ್ಮ ನೋಟ ಎಷ್ಟು ದೂರದಲ್ಲಿ ಸೇರುತ್ತಿದೆ ಅನ್ನುವುದನ್ನು ತೊಂಡೆಕಾಯಿಯ ಉದ್ದ ತೋರಿಸಿಕೊಡುತ್ತದೆ. ನೋಟವನ್ನು ಬೇಕಾದ ದೂರಕ್ಕೆ ಒಯ್ದು ನಿಲ್ಲಿಸುವ ಹಿಡಿತ ಇಲ್ಲಿಂದ ಶುರು. ಒಂದು ದಿನ ಇಷ್ಟೇ ಮಾಡಿದರೂ ಸಾಕು.

ಬೊಟ್ಟಿನ ಹಾಳೆ: ನಿಮ್ಮ ಕೈಯಾರೆ ಮಾಡುವ ಪಾಠ

ಕೊಂಡ ಚಿತ್ರಕ್ಕಿಂತ ಮೊದಲು ಇದನ್ನು ಮಾಡಿ ಅಂತ ನಾನು ಒತ್ತಿ ಹೇಳುತ್ತೇನೆ. ಒಂದೇ ಅಳತೆಯ ಸ್ಟಿಕ್ಕರ್ ಬೊಟ್ಟುಗಳು, ಬಿಳಿ ಹಾಳೆ, ಸ್ಕೇಲು, ಪೆನ್ಸಿಲ್ಲು ಇದ್ದರೆ ಸಾಕು.

ಹಾಳೆಯನ್ನು ಅಡ್ಡ ಇಟ್ಟು ಮೂರು ಗೆರೆ ಎಳೆಯಿರಿ, ಒಂದರ ಕೆಳಗೊಂದು. ಮೊದಲ ಗೆರೆಯ ಮೇಲೆ 3 ಸೆಂಟಿಮೀಟರಿಗೆ ಒಂದರಂತೆ ಒಂಬತ್ತು ಬೊಟ್ಟು ಅಂಟಿಸಿ. ಎರಡನೆಯದರಲ್ಲಿ 2.8ಕ್ಕೆ ಒಂದು. ಮೂರನೆಯದರಲ್ಲಿ 2.6ಕ್ಕೆ ಒಂದು. ಅಳತೆ ಕರಾರುವಾಕ್ಕಾಗಿ ಇರಲಿ, ಒಂದು ಮಿಲಿಮೀಟರ್ ಹೆಚ್ಚುಕಡಿಮೆ ಆದರೂ ಬೊಟ್ಟು ಮುಂದಕ್ಕೋ ಹಿಂದಕ್ಕೋ ಜರುಗಿದ ಹಾಗೆ ಕಾಣುತ್ತದೆ. ಕಣ್ಣು ಅಷ್ಟು ಸೂಕ್ಷ್ಮ.

ಹಾಳೆಯನ್ನು ಮೇಜಿನ ಅಂಚಿನಲ್ಲಿ ನೆಟ್ಟಗೆ ನಿಲ್ಲಿಸಿ, 40 ಸೆಂಟಿಮೀಟರ್ ದೂರ ಕುಳಿತುಕೊಳ್ಳಿ. ಹಾಳೆಯ ಹಿಂದೆ ಒಂದು ಮೊಳ ದೂರದಲ್ಲಿ, ಹಾಳೆಯ ಮೇಲ್ಭಾಗದಿಂದ ಇಣುಕುವ ಹಾಗೆ ಒಂದು ಬಾಟಲಿ ಇಡಿ. ಬಾಟಲಿಯ ಮುಚ್ಚಳ ನೋಡಿ. ನೋಟ ಹಾಗೇ ಇಟ್ಟುಕೊಂಡು, ಹಾಳೆಯನ್ನು ನಿಧಾನ ಮೇಲಕ್ಕೆ ಎತ್ತಿ ಮುಚ್ಚಳಕ್ಕೆ ಅಡ್ಡ ತನ್ನಿ. ಬೊಟ್ಟುಗಳು ಎರಡೆರಡಾಗಿ, ಜರುಗಿ, ಒಂದರ ಮೇಲೊಂದು ಕೂರುತ್ತವೆ. ಕೂತ ಕ್ಷಣ ಮೂರು ಸಾಲು ಮೂರು ಮೆಟ್ಟಿಲಾಗುತ್ತವೆ. ಒತ್ತೊತ್ತಾಗಿರುವ 2.6ರ ಸಾಲು ನಿಮಗೆ ಹತ್ತಿರ, 3ರ ಸಾಲು ಎಲ್ಲಕ್ಕಿಂತ ಹಿಂದೆ. ಲೆಕ್ಕದಲ್ಲಿ ಒಂದೊಂದು ಮೆಟ್ಟಿಲಿಗೂ ಸುಮಾರು 4 ಸೆಂಟಿಮೀಟರ್ ಅಂತರ. ಸಾಲಿನಲ್ಲಿ ಬೊಟ್ಟು ಎಣಿಸಿ. ಒಂಬತ್ತರ ಬದಲು ಹತ್ತು ಕಂಡರೆ ಜೋಡಿ ಸರಿಯಾಗಿ ಬಿದ್ದಿದೆ. ಹನ್ನೊಂದು ಕಂಡರೆ ತುಂಬ ದೂರ ನೋಡುತ್ತಿದ್ದೀರಿ, ನೋಟ ಹತ್ತಿರ ತನ್ನಿ.

ಒಂದೇ ಥರದ್ದು ಸಾಲಾಗಿ ಇದ್ದಲ್ಲೆಲ್ಲ ಹೀಗೆ ಆಗಬಹುದು. ಸ್ಕಾಟ್ಲೆಂಡಿನ ಡೇವಿಡ್ ಬ್ರೂಸ್ಟರ್ ಹತ್ತೊಂಬತ್ತನೆಯ ಶತಮಾನದಲ್ಲೇ ಗೋಡೆಗೆ ಅಂಟಿಸುವ ಹೂವಿನ ಕಾಗದ ನೋಡುತ್ತಾ ಇದನ್ನು ಗಮನಿಸಿ ಬರೆದಿದ್ದರು. ನನಗೆ ಇದು ಸಿಕ್ಕಿದ್ದು ಶಿಡ್ಲಘಟ್ಟದ ಕಡೆ ನೆಂಟರ ಮನೆಯಲ್ಲಿ. ರೇಷ್ಮೆ ಹುಳು ಗೂಡು ಕಟ್ಟುವ ಚಂದ್ರಿಕೆಯನ್ನು ಗೋಡೆಗೆ ಒರಗಿಸಿದ್ದರು. ಬಿದಿರಿನ ಸುರುಳಿ ಪಟ್ಟಿಗಳು, ಒಂದೇ ಅಂತರದಲ್ಲಿ. ಸುಮ್ನೆ ನೋಡುತ್ತಾ ಕೂತಿದ್ದಾಗ ಚಂದ್ರಿಕೆಯ ಒಂದು ಬದಿ ಗೋಡೆಯ ಒಳಕ್ಕೆ ಇಳಿದುಬಿಟ್ಟಿತು. ದ್ರಾಕ್ಷಿ ತೋಟದ ತಂತಿ ಬಲೆಯ ಬೇಲಿ ಹಿಂದೆ ನಿಂತು ಒಳಗಿನ ಬಳ್ಳಿ ನೋಡುವಾಗಲೂ, ಬೇಲಿ ಇದ್ದ ಜಾಗ ಬಿಟ್ಟು ಹಿಂದೆ ಹೋಗಿ ನಿಂತ ಹಾಗೆ ಕಾಣುವುದುಂಟು. ನಿಮಗೂ ಎಂದಾದರೂ ಆಗಿರುತ್ತದೆ, ಏನೋ ಕಣ್ಣು ಮಂಜಾಯಿತು ಅಂತ ಉಜ್ಜಿಕೊಂಡು ಬಿಟ್ಟಿರುತ್ತೀರಿ.

ಗಾಜಿನ ವಿಧಾನ

ಈಗ ಅಡಗಿದ ಚಿತ್ರ. ಪ್ರಿಂಟನ್ನು ಹಳೆಯ ಫೋಟೋ ಫ್ರೇಮಿನ ಗಾಜಿನ ಹಿಂದೆ ಇಡಿ. ಲ್ಯಾಮಿನೇಶನ್ ಬೇಡ, ಅದರಲ್ಲಿ ಬಿಂಬ ಅಲೆಅಲೆಯಾಗಿ ಒಡೆಯುತ್ತದೆ. ಬೆಳಕು ನಿಮ್ಮ ಮುಖದ ಮೇಲೆ ಬೀಳುವ ಹಾಗೆ ಕುಳಿತುಕೊಳ್ಳಿ. ಫ್ರೇಮನ್ನು 40 ಸೆಂಟಿಮೀಟರ್ ದೂರದಲ್ಲಿ, ಪುಸ್ತಕಗಳಿಗೆ ಒರಗಿಸಿ ನಿಲ್ಲಿಸಿ. ಕೈಯಲ್ಲಿ ಹಿಡಿದರೆ ಅಲುಗುತ್ತದೆ.

ಗಾಜಿನಲ್ಲಿ ನಿಮ್ಮ ಮುಖ ಹುಡುಕಿ. ಹಣೆಗೆ ಒಂದು ಬೊಟ್ಟು ಇಟ್ಟುಕೊಂಡಿದ್ದರೆ ಒಳ್ಳೆಯದು, ಗಂಡಸರು ಬಿಳಿ ಕಾಗದದ ಚೂರು ಅಂಟಿಸಿಕೊಳ್ಳಬಹುದು ಅಥವಾ ವಿಭೂತಿ ಇಟ್ಟುಕೊಳ್ಳಬಹುದು. ಆ ಬೊಟ್ಟನ್ನೇ ನೋಡಿ. ಅದು ಒಂದಾಗಿ, ಸ್ಪಷ್ಟವಾಗಿ ಕಾಣಬೇಕು. ಚುಕ್ಕೆಗಳ ಚಿತ್ರ ಮಂಜಾಗಿ ಮುಂದೆ ತೇಲುತ್ತಿರುತ್ತದೆ. ಇರಲಿ ಬಿಡಿ.

ಈಗ ಕಾಯಬೇಕು. ಹತ್ತು ಸೆಕೆಂಡ್, ಇಪ್ಪತ್ತು ಸೆಕೆಂಡ್. ಕಣ್ಣು ಮಿಟುಕಿಸಿ, ಉಸಿರು ಬಿಗಿ ಹಿಡಿಯಬೇಡಿ. ಚಿತ್ರದ ಪಟ್ಟಿಗಳು ಮೆಲ್ಲಗೆ ಜರುಗುತ್ತವೆ. ಇನ್ನೇನು ಕೂತವು ಅನ್ನುವಾಗ ಫ್ರೇಮನ್ನು ಒಂದೆರಡು ಸೆಂಟಿಮೀಟರ್ ಹಿಂದೆ ಮುಂದೆ ಮಾಡಿದರೂ ಸಹಾಯ ಆಗುತ್ತದೆ.

ಎಲ್ಲರೂ ಎಡವುವ ಜಾಗ ಇದು. ಏನೋ ಎದ್ದ ಹಾಗೆ ಕಂಡ ತಕ್ಷಣ "ಅರೆ, ಏನದು" ಅಂತ ಕಣ್ಣು ಅದರ ಮೇಲೆ ಹಾರುತ್ತದೆ. ಹಾರಿದ್ದೇ ತಡ, ನೋಟ ಕಾಗದಕ್ಕೆ ವಾಪಸ್, ಎಲ್ಲ ಚಪ್ಪಟೆ. ಅದಕ್ಕೆ ಕಾರಣ ಇದೆ. ಎರಡು ಕಣ್ಣು ಒಂದು ಜಾಗಕ್ಕೆ ತಿರುಗುವುದು ಒಂದು ಕೆಲಸ, ಕಣ್ಣಿನ ಮಸೂರ ಸ್ಪಷ್ಟತೆ ಹೊಂದಿಸಿಕೊಳ್ಳುವುದು ಇನ್ನೊಂದು ಕೆಲಸ. ಹುಟ್ಟಿದಾಗಿನಿಂದ ಇವೆರಡೂ ಜೋಡೆತ್ತಿನ ಹಾಗೆ ಒಟ್ಟಿಗೇ ನಡೆದಿವೆ. ಸ್ಟೀರಿಯೋಗ್ರಾಮಿಗೆ ಒಂದು ಎತ್ತು 76 ಸೆಂಟಿಮೀಟರಿಗೆ ಹೋಗಬೇಕು, ಇನ್ನೊಂದು ಕಾಗದ ಇರುವ 40ರಲ್ಲೇ ನಿಲ್ಲಬೇಕು. ನೊಗ ಬಿಚ್ಚಲು ಸ್ವಲ್ಪ ಹೊತ್ತು ಬೇಕು.

ಹಾಗಾಗಿ ಮೊದಲು ಮಂಜಾದ ಆಕಾರವನ್ನೇ ಒಪ್ಪಿಕೊಳ್ಳಿ. ಬೊಟ್ಟಿನ ಮೇಲೆ ಕಣ್ಣು ಇರಲಿ, ಮನಸ್ಸು ಮಾತ್ರ ಚಿತ್ರದ ಕಡೆ ಹೊರಳಲಿ. ಕೆಲವು ಸೆಕೆಂಡಿನಲ್ಲಿ ಮಸೂರ ತಾನಾಗಿ ಹೊಂದಿಕೊಂಡು ಚುಕ್ಕೆಗಳು ಚೂಪಾಗುತ್ತವೆ. ಆಗ ಬಿಂಬದ ಬೊಟ್ಟು ಮರೆತೇ ಹೋಗಿರುತ್ತದೆ. ಇಡೀ ಚಿತ್ರ ಗಾಜಿನ ಹಿಂದೆ, ಮೊದಲಿಗಿಂತ ದೊಡ್ಡದಾಗಿ ನಿಂತ ಹಾಗೆ ಅನ್ನಿಸುತ್ತದೆ. ಒಮ್ಮೆ ಹೀಗೆ ಗಟ್ಟಿಯಾಗಿ ಕೂತರೆ ಕಣ್ಣನ್ನು ಅದರೊಳಗೆ ಓಡಾಡಿಸಬಹುದು. ಮೀನಿನ ರೆಕ್ಕೆ, ಬೆನ್ನು, ಹಿಂದಿನ ಅಲೆ ಎಲ್ಲ ನೋಡಿಕೊಂಡು ಬನ್ನಿ.

ಗಾಜು ಇಲ್ಲದವರಿಗೆ ಹಳೆಯ ವಿಧಾನ ಇದ್ದೇ ಇದೆ. ಚಿತ್ರವನ್ನು ಮೂಗಿಗೆ ತಾಗಿಸಿ, ನಿಧಾನವಾಗಿ ದೂರ ಒಯ್ಯುವುದು. ಕೆಲವರಿಗೆ ಬೇಗ ಬರುತ್ತದೆ. ಆದರೆ ಅದರಲ್ಲಿ ಕಣ್ಣಿಗೆ ಗುರಿ ಇಲ್ಲ, ನೋಟ ಎಲ್ಲಿ ನಿಂತಿದೆ ಅಂತ ಗೊತ್ತಾಗುವುದಿಲ್ಲ. ನಾನು ಕಲಿಸುವಾಗ ಅದನ್ನು ಹೇಳಿಕೊಡುವುದು ಬಿಟ್ಟಿದ್ದೇನೆ.

ಕಂಡದ್ದು ತಪ್ಪಾಗಿದ್ದರೆ

ಆಕಾರ ಎರಡೆರಡಾಗಿ, ಅಂಚುಗಳು ಒಂದರ ಮೇಲೊಂದು ಬಿದ್ದು ಕಂಡರೆ ಎರಡು ಪಟ್ಟಿ ದಾಟಿದ್ದೀರಿ. ಚಿತ್ರದ ಮೇಲೆ ಎರಡು ಚುಕ್ಕೆ ಇದ್ದರೆ ಪರೀಕ್ಷೆ ಸುಲಭ. ಅವು ಮೂರಾಗಿ ಕಾಣಬೇಕು. ನಾಲ್ಕು ಸಮನಾಗಿ ಸಾಲಾಗಿ ಕಂಡರೆ ನೋಟ ತುಂಬ ಹಿಂದೆ ಹೋಗಿದೆ. ಮತ್ತೆ ಗಾಜಿನ ಬೊಟ್ಟಿಗೆ ಬನ್ನಿ.

ಮೀನು ಎದ್ದು ಬರುವ ಬದಲು ಅಚ್ಚಿನ ಹಾಗೆ ಗುಂಡಿಯಾಗಿ ಕಂಡರೆ, ನಿಮ್ಮ ಕಣ್ಣುಗಳು ಚಿತ್ರದ ಮುಂದೆಯೇ ಅಡ್ಡ ಹಾಯ್ದಿವೆ. ಎಡಗಣ್ಣಿಗೆ ಸೇರಬೇಕಾದ್ದು ಬಲಗಣ್ಣಿಗೆ ಹೋಗಿ ಆಳ ತಿರುಗುಮುರುಗು ಆಗಿದೆ. ಕಂಡದ್ದೇನೋ ನಿಜ, ಬರೀ ಉಲ್ಟಾ. ಇದನ್ನು ಬೇಕೆಂದೇ ಮಾಡಬೇಕಿದ್ದರೆ, 40 ಸೆಂಟಿಮೀಟರ್ ದೂರದ, 3 ಸೆಂಟಿಮೀಟರ್ ಪಟ್ಟಿಯ ಚಿತ್ರದ ಮುಂದೆ ಸುಮಾರು 13 ಸೆಂಟಿಮೀಟರ್ ಈಚೆಗೆ ಪೆನ್ನಿನ ತುದಿ ಹಿಡಿದು ಅದನ್ನು ನೋಡಿ. ಫ್ಲೆಕ್ಸಿನಂಥ ಅಗಲದ ಪಟ್ಟಿಗೆ ಈ ದಾರಿಯೇ ಸುಲಭ. ಇದರಲ್ಲಿ ಕಣ್ಣು ಬೇಗ ದಣಿಯುತ್ತದೆ, ದಿನಾ ಮಾಡುವಂಥದ್ದಲ್ಲ.

ತಲೆ ಓರೆ ಮಾಡಿದರೆ ಚಿತ್ರ ಒಡೆದುಹೋಗುತ್ತದೆ. ಎರಡು ಕಣ್ಣುಗಳ ಗೆರೆ ಮತ್ತು ಪಟ್ಟಿಗಳ ಸಾಲು ಒಂದೇ ಮಟ್ಟದಲ್ಲಿ ಇರಬೇಕು. ಮಲಗಿಕೊಂಡು ಫೋನಿನಲ್ಲಿ ನೋಡುವವರಿಗೆ ಕಾಣದಿರಲು ಎಷ್ಟೋ ಸಲ ಇದೊಂದೇ ಕಾರಣ.

ನಿಜವಾಗಿ ಕಂಡಿತೋ, ಎಲ್ಲರೂ ಹೇಳಿದ್ದಕ್ಕೆ ಕಂಡ ಹಾಗೆ ಅನ್ನಿಸಿತೋ? ಒಂದು ಕಣ್ಣು ಮುಚ್ಚಿ. ನಿಜವಾದ ಆಳ ಆ ಕ್ಷಣವೇ ಮಾಯ ಆಗಬೇಕು. ಮಕ್ಕಳಿಗೆ ತೋರಿಸುವಾಗ ಏನಿದೆ ಅಂತ ಮೊದಲೇ ಹೇಳಬೇಡಿ. "ಯಾವ ಕಡೆ ಮುಖ ಮಾಡಿದೆ?" ಅಂತ ಕೇಳಿ.

ಒಂದು ಸಲಕ್ಕೆ ಐದು ನಿಮಿಷ ಸಾಕು, ದಿನಕ್ಕೆ ಎರಡು ಸಲ. ಹಣೆ ಬಿಗಿದರೆ, ತಲೆ ನೋವು ಬಂದರೆ ನಿಲ್ಲಿಸಿ. ಮಹಡಿಗೆ ಹೋಗಿ ಬೆಟ್ಟ ನೋಡಿ. ಕಣ್ಣಿಗೆ ವಿಶ್ರಾಂತಿ ಕೊಡಲು ದೂರದ ಬೆಟ್ಟಕ್ಕಿಂತ ಒಳ್ಳೆಯದು ಇಲ್ಲ. ಈ ಚಿತ್ರ ನೋಡಿದರೆ ಕನ್ನಡಕ ಹೋಗುತ್ತದೆ ಅನ್ನುವ ಮಾತನ್ನು ಮಾತ್ರ ನಂಬಬೇಡಿ.

ಅಡಗಿಸುವುದು ಹೇಗೆ

ನೋಡಲು ಬಂದ ಮೇಲೆ ಮಾಡಲು ಕಲಿಯಿರಿ, ನೋಟ ಇನ್ನೂ ಗಟ್ಟಿಯಾಗುತ್ತದೆ. ಇನ್ನೊಂದು ಹಾಳೆ ತಗೊಳ್ಳಿ. ಈ ಸಲ ಐದು ಸಾಲು, ಎಲ್ಲದರಲ್ಲೂ 3 ಸೆಂಟಿಮೀಟರಿಗೊಂದು ಬೊಟ್ಟು. ಆದರೆ ನಡುವಿನ ಮೂರು ಸಾಲುಗಳಲ್ಲಿ, ಸಾಲಿನ ಮಧ್ಯದ ಮೂರು ಅಂತರಗಳನ್ನು ಮಾತ್ರ 2.7 ಮಾಡಿ. ಬಲಗಡೆಯ ಬೊಟ್ಟುಗಳು ಒಂಬತ್ತು ಮಿಲಿಮೀಟರ್ ಎಡಕ್ಕೆ ಸರಿಯುತ್ತವೆ, ಅಷ್ಟೇ. ಈಗ ಹಾಳೆಯ ಹಿಂದೆ ಒಂದು ಮೊಳ ದೂರ ನೋಡಿ. ನಡುವೆ ಒಂದು ಚೌಕದ ಮಣೆ ಎದ್ದು ನಿಲ್ಲುತ್ತದೆ.

ಬೊಟ್ಟಿನ ಬದಲು ಲೆಕ್ಕವಿಲ್ಲದಷ್ಟು ಚುಕ್ಕೆ ಇದ್ದರೆ ಆ ಸರಿದದ್ದು ಬರಿಗಣ್ಣಿಗೆ ಗೊತ್ತೇ ಆಗುವುದಿಲ್ಲ. ಹಂಗೇರಿಯಲ್ಲಿ ಹುಟ್ಟಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿದ್ದ ಬೆಲಾ ಯೂಲೆಶ್ ಕಂಪ್ಯೂಟರಿನಿಂದ ಅಂಥ ಚುಕ್ಕೆಗಳ ಚಿತ್ರ ಮಾಡಿ 1960ರಲ್ಲಿ ಪ್ರಕಟಿಸಿದರು. ಅವರದು ಜೋಡಿ ಚಿತ್ರ, ಒಂದೊಂದು ಕಣ್ಣಿಗೆ ಒಂದೊಂದು. ಒಂದು ಕಣ್ಣಿಗೆ ಯಾವ ಆಕಾರವೂ ಕಾಣದಿದ್ದರೂ, ಎರಡು ಸೇರಿದಾಗ ಆಕಾರ ಏಳುತ್ತದೆ ಅಂತ ಅದು ತೋರಿಸಿತು. ಆಕಾರ ಗುರುತಿಸಿದ ಮೇಲೆ ಆಳ ತಿಳಿಯುತ್ತದೆ ಅಂದುಕೊಂಡಿದ್ದವರಿಗೆ ಇದು ದೊಡ್ಡ ಅಚ್ಚರಿ. 1979ರಲ್ಲಿ ದೃಷ್ಟಿ ವಿಜ್ಞಾನಿ ಕ್ರಿಸ್ಟೋಫರ್ ಟೈಲರ್ ಆ ಜೋಡಿ ಚಿತ್ರಗಳೆರಡನ್ನೂ ಒಂದೇ ಹಾಳೆಗೆ ತಂದರು. ನಮ್ಮ ಜಾತ್ರೆಯ ಪೋಸ್ಟರಿಗೆ ಮೂಲ ಅದೇ.

ಬೊಟ್ಟಿನ ಹಾಳೆಯಲ್ಲಿ ಚೌಕ ಬಂದ ಮೇಲೆ ಒಂದು ಅಕ್ಷರ ಪ್ರಯತ್ನಿಸಿ. 'ಗ' ಸುಲಭ, 'ಈ' ಕಷ್ಟ. ಸಾಲುಗಳು ಜಾಸ್ತಿ ಬೇಕಾಗುತ್ತವೆ, ಚಿಕ್ಕ ಬೊಟ್ಟು ಬೇಕಾಗುತ್ತದೆ. ಹನ್ನೆರಡು ಸಾಲಿನಲ್ಲಿ ನನಗೆ ಒಂದು 'ಗ' ಬಂದಿದೆ. ಅದಕ್ಕೆ ಗಾಜು ಹಾಕಿಸಿ ಹಜಾರದಲ್ಲಿ, ಮುಖ ಕಾಣುವ ಎತ್ತರಕ್ಕೆ ನೇತುಹಾಕಿದ್ದೇನೆ.